ರಕ್ತ ಮರಳುವ ಆ ಕೆಲವು ನಿಮಿಷಗಳು

ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಮಹಾಪಧಮನಿಗೆ ರಕ್ತ ತಡೆಯುವ ಚಿಮುಟ, ಅಂದರೆ ಕ್ಲ್ಯಾಂಪ್, ಬಿದ್ದೊಡನೆ ಹಾರ್ಟ್-ಲಂಗ್ ಯಂತ್ರದ ಬಳಿ ಕುಳಿತವರು ಸಮಯ ಬರೆದುಕೊಳ್ಳುತ್ತಾರೆ. ದೇಹದ ಉಳಿದ ಭಾಗಕ್ಕೆಲ್ಲ ಯಂತ್ರ ರಕ್ತ ಕಳಿಸುತ್ತಿರುತ್ತದೆ. ಹೃದಯಕ್ಕೆ ಮಾತ್ರ ಅದು ಇಲ್ಲ. ತಣ್ಣಗೆ, ಮಿಡಿಯದೆ ನಿಂತಿರುತ್ತದೆ. ಕವಾಟವೊಂದನ್ನು ಬದಲಿಸಲು ಒಂದು ಗಂಟೆ, ಕೆಲಸ ಜಟಿಲವಾದರೆ ಎರಡು ಗಂಟೆಯೂ ಹಿಡಿಯಬಹುದು. ಕ್ಲ್ಯಾಂಪ್ ಬಿಚ್ಚಿದಾಗ ಮತ್ತೊಮ್ಮೆ ಸಮಯ ಬರೆಯುತ್ತಾರೆ. ಈ ಎರಡು ಸಮಯಗಳ ನಡುವಿನ ಅಂತರ ಕಡಿಮೆಯಾದಷ್ಟೂ ಒಳ್ಳೆಯದು ಎಂಬುದು ಯಾರಿಗಾದರೂ ಸುಲಭವಾಗಿ ಅರ್ಥವಾಗುತ್ತದೆ. ಆದರೆ ಹಾನಿಯ ಗಣನೀಯ ಪಾಲು ಕ್ಲ್ಯಾಂಪ್ ಬಿಚ್ಚಿ, ರಕ್ತ ಮತ್ತೆ ಹರಿಯತೊಡಗಿದ ಮೇಲೆ ಆಗುತ್ತದೆ ಎಂಬ ಸಂಗತಿ ವೈದ್ಯಲೋಕದ ಹೊರಗೆ ಅಷ್ಟಾಗಿ ತಿಳಿದಿಲ್ಲ.

ಇದು ಹೃದಯವೊಂದರ ಕಥೆಯಲ್ಲ. ಯಕೃತ್ತಿನ ಗೆಡ್ಡೆ ಕತ್ತರಿಸುವಾಗ ರಕ್ತಸ್ರಾವ ತಡೆಯಲು ಅದಕ್ಕೆ ಹೋಗುವ ನಾಳಗಳನ್ನು ಒತ್ತಿಹಿಡಿಯುತ್ತಾರೆ. ಮೂತ್ರಪಿಂಡದ ಒಂದು ಭಾಗವನ್ನು ಮಾತ್ರ ತೆಗೆಯುವಾಗ ಅದರ ಅಪಧಮನಿಯನ್ನು ಮುಚ್ಚುತ್ತಾರೆ. ಅಂಗಾಂಗ ಕಸಿಯಲ್ಲಂತೂ ಅಂಗವು ಒಂದು ದೇಹದಿಂದ ಹೊರಬಂದು ಇನ್ನೊಂದನ್ನು ಸೇರುವವರೆಗೆ ಗಂಟೆಗಟ್ಟಲೆ ರಕ್ತವಿಲ್ಲದೆ ಇರಬೇಕಾಗುತ್ತದೆ. ಎಲ್ಲ ಕಡೆ ಸಮಸ್ಯೆ ಒಂದೇ: ಆಮ್ಲಜನಕ ನಿಂತಾಗ ಒಂದು ಪೆಟ್ಟು, ಅದು ಮರಳಿದಾಗ ಇನ್ನೊಂದು ಪೆಟ್ಟು.

ಎಲ್ಲ ಅಂಗಗಳೂ ಈ ಕೊರತೆಯನ್ನು ಒಂದೇ ರೀತಿ ತಾಳುವುದಿಲ್ಲ. ಮಿದುಳು ದೇಹದ ತೂಕದ ಶೇ 2ರಷ್ಟೇ ಇದ್ದರೂ ವಿಶ್ರಾಂತಿಯಲ್ಲಿ ಬಳಕೆಯಾಗುವ ಆಮ್ಲಜನಕದಲ್ಲಿ ಸುಮಾರು ಶೇ 20ರಷ್ಟನ್ನು ಪಡೆಯುತ್ತದೆ. ರಕ್ತಸಂಚಾರ ನಿಂತ ಹತ್ತು ಸೆಕೆಂಡುಗಳ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ, ನಾಲ್ಕೈದು ನಿಮಿಷಗಳಲ್ಲಿ ಶಾಶ್ವತ ಹಾನಿ ಶುರುವಾಗುತ್ತದೆ. ಬೆಚ್ಚಗಿನ ಹೃದಯದ ಸ್ನಾಯು ಇಪ್ಪತ್ತು ನಿಮಿಷ ದಾಟಿದರೆ ಸಾಯತೊಡಗುತ್ತದೆ. ಮೂತ್ರಪಿಂಡದ ಪರಿಸ್ಥಿತಿ ಇನ್ನೂ ವಿಚಿತ್ರ. ಹೃದಯ ಹೊರಹಾಕುವ ರಕ್ತದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಅದಕ್ಕೇ ಹೋಗುತ್ತದೆ. ಆದರೂ ಅದರ ಒಳಪದರವಾದ ಮೆಡುಲ್ಲಾ ಎಲ್ಲವೂ ಸರಿಯಿರುವ ದಿನಗಳಲ್ಲೂ ಆಮ್ಲಜನಕದ ಅಂಚಿನಲ್ಲೇ ಬದುಕುತ್ತಿರುತ್ತದೆ. ಶಸ್ತ್ರಚಿಕಿತ್ಸೆಯ ನಡುವೆ ರಕ್ತದೊತ್ತಡ ಸ್ವಲ್ಪ ಹೊತ್ತು ಕುಸಿದರೂ ಮೊದಲು ನರಳುವ ಜಾಗಗಳಲ್ಲಿ ಅದೂ ಒಂದು. ಹೃದಯದ ಶಸ್ತ್ರಚಿಕಿತ್ಸೆ ಯಶಸ್ವಿಯಾದ ಮೇಲೂ ಮೂತ್ರಪಿಂಡ ಕೈಕೊಡುವುದಕ್ಕೆ ಇದೊಂದು ಮುಖ್ಯ ಕಾರಣ.

ಜೀವಕೋಶದೊಳಗೆ ಆಗ ಏನಾಗುತ್ತದೆ? ಕೋಶದ ಎಲ್ಲ ಕೆಲಸಕ್ಕೂ ಬೇಕಾದ ಶಕ್ತಿ ಎಟಿಪಿ ಎಂಬ ಅಣುವಿನಲ್ಲಿರುತ್ತದೆ. ಅದರ ಬಹುಪಾಲನ್ನು ಮೈಟೊಕಾಂಡ್ರಿಯಾ ಎಂಬ ಸೂಕ್ಷ್ಮ ಘಟಕಗಳು ಆಮ್ಲಜನಕ ಬಳಸಿ ತಯಾರಿಸುತ್ತವೆ. ಆಮ್ಲಜನಕ ನಿಂತರೆ ತಯಾರಿಕೆಯೂ ನಿಲ್ಲುತ್ತದೆ. ಕೋಶ ಗ್ಲೂಕೋಸನ್ನು ಅರೆಬರೆಯಾಗಿ ಒಡೆದು ಒಂದಿಷ್ಟು ಶಕ್ತಿ ಪಡೆಯುತ್ತದೆ, ಜೊತೆಗೆ ಲ್ಯಾಕ್ಟಿಕ್ ಆಮ್ಲ ಕಲೆಹಾಕಿಕೊಳ್ಳುತ್ತದೆ. ಸೋಡಿಯಂ, ಕ್ಯಾಲ್ಸಿಯಂಗಳನ್ನು ಹೊರದಬ್ಬುವ ಪಂಪುಗಳಿಗೆ ಶಕ್ತಿ ಸಾಲದೆ ಅವು ಸೊರಗುತ್ತವೆ. ಸೋಡಿಯಂ ಜೊತೆ ನೀರು ಒಳನುಗ್ಗಿ ಕೋಶ ಊದಿಕೊಳ್ಳುತ್ತದೆ, ಕ್ಯಾಲ್ಸಿಯಂ ತುಂಬಿಕೊಳ್ಳುತ್ತದೆ. ಇಷ್ಟಾದರೂ ಕೋಶ ಸತ್ತಿರುವುದಿಲ್ಲ.

ಈಗ ರಕ್ತ ಮರಳಿತು ಎನ್ನಿ. ಸಂಕಷ್ಟದ ಹೊತ್ತಿನಲ್ಲಿ ಕೋಶದೊಳಗೆ ಸಕ್ಸಿನೇಟ್ ಎಂಬ ಪದಾರ್ಥ ರಾಶಿ ಬಿದ್ದಿರುತ್ತದೆ. ಆಮ್ಲಜನಕ ಬಂದೊಡನೆ ಮೈಟೊಕಾಂಡ್ರಿಯಾ ಅದನ್ನು ಒಮ್ಮೆಲೇ ಉರಿಸತೊಡಗುತ್ತವೆ. ಎಲೆಕ್ಟ್ರಾನುಗಳು ತಮ್ಮ ಎಂದಿನ ದಾರಿ ಬಿಟ್ಟು ಹಿಮ್ಮುಖವಾಗಿ ಹರಿಯುತ್ತವೆ. ಆಗ ಆಮ್ಲಜನಕದ ಹಾನಿಕಾರಕ ರೂಪಗಳು, ಅಂದರೆ ಫ್ರೀ ರ‍್ಯಾಡಿಕಲ್‌ಗಳು, ದಂಡಿಯಾಗಿ ಹುಟ್ಟುತ್ತವೆ. ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಈ ಸಕ್ಸಿನೇಟ್ ಲೆಕ್ಕ ಹೊರಬಿದ್ದದ್ದು 2014ರಲ್ಲಿ. ಅಲ್ಲಿಯವರೆಗೆ ಫ್ರೀ ರ‍್ಯಾಡಿಕಲ್‌ಗಳು ಹುಟ್ಟುವುದು ಕೋಶದ ಅಡ್ಡಾದಿಡ್ಡಿ ಎಡವಟ್ಟಿನಿಂದ ಎಂದು ಬಹಳಷ್ಟು ಮಂದಿ ಭಾವಿಸಿದ್ದರು. ಅದರ ಹಿಂದೆ ಒಂದು ನಿರ್ದಿಷ್ಟ ಹಾದಿಯಿದೆ, ಹಾಗಾಗಿ ಅದನ್ನು ತಡೆಯಲೂ ಸಾಧ್ಯ ಎಂಬ ಭರವಸೆ ಆಮೇಲೆ ಬಂತು. ಫ್ರೀ ರ‍್ಯಾಡಿಕಲ್ ಮತ್ತು ಕ್ಯಾಲ್ಸಿಯಂ ಎರಡೂ ಸೇರಿ ಮೈಟೊಕಾಂಡ್ರಿಯಾದ ಪೊರೆಯಲ್ಲಿ ರಂಧ್ರ ತೆರೆಯುತ್ತವೆ. ಒಮ್ಮೆ ಆ ರಂಧ್ರ ತೆರೆದುಕೊಂಡು ಹಾಗೇ ಉಳಿದರೆ ಕೋಶಕ್ಕೆ ಉಳಿಗಾಲವಿಲ್ಲ.

ಕೋಶದ ಹೊರಗೂ ಶಾಂತಿಯಿಲ್ಲ. ಸೂಕ್ಷ್ಮ ರಕ್ತನಾಳಗಳ ಒಳಪದರ ಘಾಸಿಗೊಂಡು ಅಂಟಂಟಾಗುತ್ತದೆ, ಬಿಳಿ ರಕ್ತಕಣಗಳು ಅಲ್ಲಿ ಸಿಕ್ಕಿಕೊಂಡು ಉರಿಯೂತ ಹೆಚ್ಚಿಸುತ್ತವೆ. ದೊಡ್ಡ ನಾಳದಲ್ಲಿ ರಕ್ತ ಚೆನ್ನಾಗಿ ಹರಿಯುತ್ತಿದ್ದರೂ ತುದಿಯ ನಾಳಗಳಲ್ಲಿ ಅದು ಮುಂದೆ ಸಾಗುವುದೇ ಇಲ್ಲ. ಬರಗಾಲದಲ್ಲಿ ಬಿರುಕುಬಿಟ್ಟ ಕಾಲುವೆಗೆ ತೂಬು ಪೂರ್ತಿ ಎತ್ತಿ ನೀರು ಬಿಟ್ಟರೆ, ನೀರಿಗಾಗಿ ಕಾದಿದ್ದ ಏರಿಯೇ ಆ ನೀರಿಗೆ ಕುಸಿಯುತ್ತದೆ; ಅಂಗದೊಳಗೆ ನಡೆಯುವುದೂ ಹೆಚ್ಚುಕಡಿಮೆ ಅದೇ.

ಈ ಎರಡು ಪೆಟ್ಟುಗಳಲ್ಲಿ ಮೊದಲನೆಯದಕ್ಕೆ ವೈದ್ಯರು ಬಹಳ ಹಿಂದೆಯೇ ಉತ್ತರ ಹುಡುಕಿದರು. ಕೆನಡಾದ ಟೊರೊಂಟೊದಲ್ಲಿ ವಿಲ್ಫ್ರೆಡ್ ಬಿಗೆಲೋ ದೇಹವನ್ನು ತಂಪಾಗಿಸಿದರೆ ಆಮ್ಲಜನಕದ ಅಗತ್ಯ ಇಳಿಯುತ್ತದೆ ಎಂದು 1950ರ ಹೊತ್ತಿಗೆ ತೋರಿಸಿದ್ದರು. ಅಮೆರಿಕದ ಮಿನೆಸೋಟಾದಲ್ಲಿ ಜಾನ್ ಲೂಯಿಸ್ 1952ರಲ್ಲಿ ಹೀಗೆ ತಂಪಾಗಿಸಿದ ಹೃದಯವನ್ನು ತೆರೆದು ರಿಪೇರಿ ಮಾಡಿದರು. ಮರುವರ್ಷ ಜಾನ್ ಗಿಬ್ಬನ್ ಹಾರ್ಟ್-ಲಂಗ್ ಯಂತ್ರವನ್ನು ಯಶಸ್ವಿಯಾಗಿ ಬಳಸಿದರು. 1955ರಲ್ಲಿ ಡೆನಿಸ್ ಮೆಲ್ರೋಸ್ ಪೊಟ್ಯಾಸಿಯಂ ದ್ರಾವಣದಿಂದ ಹೃದಯವನ್ನು ಬೇಕೆಂದಾಗ ನಿಲ್ಲಿಸುವ ವಿಧಾನವನ್ನು ಮುಂದಿಟ್ಟರು. ಆ ಮೊದಲ ದ್ರಾವಣ ಹೃದಯಕ್ಕೇ ಹಾನಿ ಮಾಡಿತು; ತಿದ್ದಿದ ರೂಪಗಳು ಬಂದ ಮೇಲೆ ಆ ವಿಧಾನ ನೆಲೆಯೂರಿತು. ಹತ್ತು ಡಿಗ್ರಿ ತಂಪಾದರೆ ಕೋಶದ ಚಟುವಟಿಕೆ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬ ಸರಳ ಲೆಕ್ಕದ ಮೇಲೆ ಇಂದಿಗೂ ಸಾವಿರಾರು ಜೀವಗಳು ನಿಂತಿವೆ.

ಎರಡನೆಯ ಪೆಟ್ಟು ಮಾತ್ರ ಹಟ ಹಿಡಿದು ಉಳಿಯಿತು. ಅದರತ್ತ ಒಂದು ಅನಿರೀಕ್ಷಿತ ಬೆಳಕು ಬಿದ್ದದ್ದು 1986ರಲ್ಲಿ. ಡ್ಯೂಕ್ ವಿಶ್ವವಿದ್ಯಾಲಯದ ಚಾರ್ಲ್ಸ್ ಮರ‍್ರಿ, ರಾಬರ್ಟ್ ಜೆನ್ನಿಂಗ್ಸ್ ಮತ್ತು ಕೀತ್ ರೀಮರ್ ನಾಯಿಗಳ ಹೃದಯದ ಒಂದು ನಾಳವನ್ನು ಐದೈದು ನಿಮಿಷ ಮುಚ್ಚಿ, ಬಿಟ್ಟು, ಹೀಗೆ ನಾಲ್ಕು ಸಲ ಮಾಡಿದರು. ಆಮೇಲೆ 40 ನಿಮಿಷಗಳ ದೀರ್ಘ ತಡೆ ಒಡ್ಡಿದರು. ನಾಲ್ಕು ಸಣ್ಣ ಪೆಟ್ಟುಗಳ ಮೇಲೆ ಇನ್ನೊಂದು ದೊಡ್ಡದು ಬಿದ್ದರೆ ಹಾನಿ ಹೆಚ್ಚಬೇಕಿತ್ತು. ಆದದ್ದು ತದ್ವಿರುದ್ಧ: ಸತ್ತ ಸ್ನಾಯುವಿನ ಪ್ರಮಾಣ ನಾಲ್ಕನೇ ಒಂದರಷ್ಟಕ್ಕೆ ಇಳಿದಿತ್ತು. ಸಣ್ಣ ಕೊರತೆಯನ್ನು ಅನುಭವಿಸಿದ ಕೋಶಗಳು ದೊಡ್ಡ ಕೊರತೆಗೆ ತಮ್ಮನ್ನು ತಾವೇ ಅಣಿಗೊಳಿಸಿಕೊಂಡಿದ್ದವು. ನನ್ನ ಪ್ರಕಾರ ಈ ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ಸುಂದರ ಪ್ರಯೋಗ ಇನ್ನೊಂದಿಲ್ಲ, ಏಕೆಂದರೆ ರಕ್ಷಣೆ ಹೊರಗಿನಿಂದ ಬರಬೇಕಿಲ್ಲ, ಅದನ್ನು ಕೋಶದೊಳಗಿಂದಲೇ ಎಬ್ಬಿಸಬಹುದು ಎಂದು ಅದು ತೋರಿಸಿತು.

ಹಾಗಾದರೆ ರೋಗಿಗಳಿಗೂ ಇದನ್ನೇ ಮಾಡಬಹುದಲ್ಲ? ಮಾಡಿ ನೋಡಿದರು. ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತಿ, ಉಬ್ಬಿಸಿ, ಇಳಿಸಿ, ದೂರದ ಸ್ನಾಯುವಿನ ಸಣ್ಣ ಕೊರತೆಯಿಂದ ಹೃದಯವನ್ನು ಎಚ್ಚರಿಸುವ ಉಪಾಯ ಹೂಡಿದರು. 2015ರಲ್ಲಿ ಹೊರಬಂದ ಎರಡು ದೊಡ್ಡ ಪ್ರಯೋಗಗಳಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ ಇದರಿಂದ ಲಾಭ ಕಾಣಲಿಲ್ಲ. ಎಳೆಯ, ಆರೋಗ್ಯವಂತ ಪ್ರಾಣಿಯಲ್ಲಿ ಫಲಿಸಿದ್ದು ವಯಸ್ಸಾದ, ಮಧುಮೇಹವಿರುವ, ಹತ್ತಾರು ಔಷಧಿ ನುಂಗುವ ಮನುಷ್ಯನಲ್ಲಿ ಫಲಿಸುವುದಿಲ್ಲ ಎಂಬ ಪಾಠ ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಅರಿವಳಿಕೆಗೆ ಬಳಸಿದ ಪ್ರೊಪೊಫಾಲ್ ಎಂಬ ಔಷಧಿಯೇ ಆ ಎಚ್ಚರದ ಸಂಕೇತವನ್ನು ಅಡಗಿಸಿರಬಹುದು ಎಂದು ಶಂಕಿಸಿದವರೂ ಇದ್ದಾರೆ.

ಪುನರುತ್ಪಾದಕ ವೈದ್ಯಕೀಯ, ಅಂದರೆ ರೀಜನರೇಟಿವ್ ಮೆಡಿಸಿನ್, ಈ ಕಥೆಯೊಳಗೆ ಬರುವುದು ಇಲ್ಲಿಯೇ. ಆ ಹೆಸರು ಕೇಳಿದೊಡನೆ ಹಾಳಾದ ಅಂಗದ ಜಾಗದಲ್ಲಿ ಹೊಸದನ್ನು ಬೆಳೆಸುವ ಚಿತ್ರ ಮನಸ್ಸಿಗೆ ಬರುತ್ತದೆ. ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಅದರ ಕೆಲಸ ಬೇರೆ. ಹಾನಿಗೊಳ್ಳುತ್ತಿರುವ ಕೋಶ ಸಾಯದಂತೆ ನೋಡಿಕೊಳ್ಳುವುದು, ಉರಿಯೂತವನ್ನು ತಣಿಸುವುದು, ಉಳಿದ ಕೋಶಗಳು ತಾವೇ ದುರಸ್ತಿಗೆ ಇಳಿಯುವಂತೆ ಪ್ರಚೋದಿಸುವುದು ಇಲ್ಲಿನ ಗುರಿ. ಈ ಸಂದರ್ಭಕ್ಕೆ ಇನ್ನೊಂದು ದೊಡ್ಡ ಅನುಕೂಲವಿದೆ. ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಹೇಳಿ ಬರುವುದಿಲ್ಲ. ರೋಗಿ ಆಸ್ಪತ್ರೆ ತಲುಪುವಷ್ಟರಲ್ಲಿ ಅರ್ಧ ಅನಾಹುತ ನಡೆದುಹೋಗಿರುತ್ತದೆ. ಶಸ್ತ್ರಚಿಕಿತ್ಸೆಯಲ್ಲಾದರೆ ರಕ್ತ ಎಷ್ಟು ಗಂಟೆಗೆ ನಿಲ್ಲುತ್ತದೆ, ಸುಮಾರು ಎಷ್ಟು ಹೊತ್ತಿಗೆ ಮರಳುತ್ತದೆ ಎಂಬುದು ಮುಂಚೆಯೇ ಗೊತ್ತು. ರಕ್ಷಣೆಯನ್ನು ಮೊದಲೇ ಸಿದ್ಧಪಡಿಸಿ, ಸರಿಯಾದ ನಿಮಿಷಕ್ಕೆ, ಸರಿಯಾದ ನಾಳದೊಳಗೇ ಕೊಡುವ ಅವಕಾಶ ಇರುವುದು ಇಲ್ಲಿ ಮಾತ್ರ. ಇಲ್ಲಿಯವರೆಗಿನ ಅನೇಕ ಪ್ರಯೋಗಗಳು ಸೋತದ್ದು ಈ ಅವಕಾಶವನ್ನು ಕೈಬಿಟ್ಟಿದ್ದರಿಂದ ಎಂದು ನನಗೆ ಅನ್ನಿಸುತ್ತದೆ.

ಮೊದಲ ಭರವಸೆ ಹುಟ್ಟಿದ್ದು ಮೆಸೆಂಕೈಮಲ್ ಎಂಬ ಬಗೆಯ ಆಕರಕೋಶಗಳಿಂದ, ಅಂದರೆ ಸ್ಟೆಮ್ ಸೆಲ್‌ಗಳಿಂದ. ಅಸ್ಥಿಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿಗಳಲ್ಲಿ ಇವು ಸಿಗುತ್ತವೆ. ಆರ್ನಾಲ್ಡ್ ಕ್ಯಾಪ್ಲನ್ 1991ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಇವು ಘಾಸಿಗೊಂಡ ಅಂಗಕ್ಕೆ ಹೋಗಿ, ಅಲ್ಲಿನ ಕೋಶಗಳಾಗಿ ಮಾರ್ಪಟ್ಟು, ಖಾಲಿ ಜಾಗ ತುಂಬುತ್ತವೆ ಎಂದು ಮೊದಲು ನಂಬಲಾಗಿತ್ತು. ಹುಡುಕಿ ನೋಡಿದರೆ ಹಾಗೆ ನೆಲೆಯೂರಿದ ಕೋಶಗಳು ಸಿಗುವುದೇ ಅಪರೂಪ. ಆದರೂ ಇವನ್ನು ಪಡೆದ ಇಲಿ, ಹೆಗ್ಗಣಗಳ ಘಾಸಿಗೊಂಡ ಮೂತ್ರಪಿಂಡ ಚೇತರಿಸಿಕೊಳ್ಳುತ್ತಿತ್ತು! ಕೋಶಗಳು ಸ್ರವಿಸುವ ಪ್ರೋಟೀನುಗಳು ಮತ್ತು ಸಂಕೇತಗಳೇ ಕೆಲಸ ಮಾಡುತ್ತಿವೆ ಎಂಬುದು ನಿಧಾನವಾಗಿ ಸ್ಪಷ್ಟವಾಯಿತು. ಕೊನೆಗೆ ಕ್ಯಾಪ್ಲನ್ ಅವರೇ ಇವುಗಳ ಹೆಸರನ್ನು ಬದಲಿಸಬೇಕು, ಇವು ಔಷಧೀಯ ಸಂಕೇತ ಕಳಿಸುವ ಕೋಶಗಳು ಎಂದು ವಾದಿಸಿದರು. ತಾವೇ ಇಟ್ಟ ಹೆಸರನ್ನು ಸಾಕ್ಷ್ಯದ ಮುಂದೆ ಬಿಟ್ಟುಕೊಡುವ ಆ ಗುಣ ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

ಮನುಷ್ಯರಲ್ಲಿ ಏನಾಯಿತು? ಹೃದಯದ ಶಸ್ತ್ರಚಿಕಿತ್ಸೆಯ ನಂತರ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ 156 ವಯಸ್ಕರ ಮೇಲೆ ಉತ್ತರ ಅಮೆರಿಕದಲ್ಲಿ ನಡೆದ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಬೇರೆ ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಕೋಶಗಳನ್ನು ಪಡೆದವರು ಉಳಿದವರಿಗಿಂತ ಬೇಗ ಚೇತರಿಸಿಕೊಳ್ಳಲಿಲ್ಲ. ಕೋಶಗಳನ್ನು ಕೊಟ್ಟದ್ದು ಯಾವಾಗ ಎಂಬುದನ್ನು ಗಮನಿಸಿ. ಹಾನಿಯಾಗಿದೆ ಎಂದು ರಕ್ತಪರೀಕ್ಷೆ ಹೇಳಿದ ಮೇಲೆ. ಆಗ ಬಳಸುವ, ಮೂತ್ರಪಿಂಡ ಸೋಸದೆ ರಕ್ತದಲ್ಲಿ ಉಳಿದ ತ್ಯಾಜ್ಯವನ್ನು ಅಳೆಯುವ ಕ್ರಿಯೇಟಿನಿನ್ ಪರೀಕ್ಷೆಯೇ ನಿಧಾನದ್ದು. ಅದು ಏರಿ ಕಾಣುವಷ್ಟರಲ್ಲಿ ರಕ್ತ ಮರಳಿದ ಆ ಮೊದಲ ನಿಮಿಷಗಳು ಕಳೆದು ದಿನವೇ ಉರುಳಿರುತ್ತದೆ. ಪ್ರಾಣಿಗಳಿಗಾದರೆ ಕೋಶಗಳನ್ನು ಬಹುತೇಕ ಪೆಟ್ಟಿನ ಹೊತ್ತಿಗೇ ಕೊಟ್ಟಿರುತ್ತಾರೆ.

ಇನ್ನೊಂದು ತೊಡಕು ಗಾತ್ರದ್ದು. ರಕ್ತನಾಳಕ್ಕೆ ಚುಚ್ಚುವ ಈ ಕೋಶಗಳು ಅತಿ ಸಣ್ಣ ನಾಳಗಳಿಗಿಂತ ದಪ್ಪ. ತೋಳಿನ ಅಭಿಧಮನಿಗೆ ಕೊಟ್ಟರೆ ಹೆಚ್ಚಿನವು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಹಲವರು ಕೋಶವನ್ನೇ ಬಿಟ್ಟು ಅದು ಹೊರಹಾಕುವ ಎಕ್ಸೋಸೋಮ್‌ಗಳ ಕಡೆ ತಿರುಗಿದ್ದಾರೆ. ಇವು ಸುಮಾರು 30ರಿಂದ 150 ನ್ಯಾನೊಮೀಟರ್ ಅಗಲದ ಕೊಬ್ಬಿನ ಪೊರೆಯ ಚೀಲಗಳು; ಒಳಗೆ ಪ್ರೋಟೀನು, ಆರ್‌ಎನ್‌ಎ ತುಣುಕುಗಳಿರುತ್ತವೆ. 2010ರಲ್ಲಿ ಸಿಂಗಪುರದ ಸಂಶೋಧಕರು ಇವನ್ನಷ್ಟೇ ಕೊಟ್ಟು ಇಲಿಯ ಹೃದಯದ ಹಾನಿಯನ್ನು ತಗ್ಗಿಸಿದರು. ಇವು ವಿಭಜನೆಯಾಗುವುದಿಲ್ಲ, ಆದ್ದರಿಂದ ಗೆಡ್ಡೆಯಾಗಿ ಬೆಳೆಯುವ ಭಯವಿಲ್ಲ, ಫ್ರೀಜರ್‌ನಲ್ಲಿ ಕಾದಿಡಬಹುದು. ಆದರೆ ಒಂದು ಬಾರಿ ತಯಾರಿಸಿದ್ದು ಇನ್ನೊಂದು ಬಾರಿಯದರಂತೆ ಇರುವುದಿಲ್ಲ. ಔಷಧಿಯಾಗಬೇಕಾದರೆ ಪ್ರತಿ ಬಾಟಲಿಯೂ ಒಂದೇ ಆಗಿರಬೇಕು. ಕೆಲಸ ಅಲ್ಲೇ ತೊಡಕಿಕೊಂಡಿದೆ.

ಕೋಶಗಳನ್ನು ಕಡಿಮೆ ಆಮ್ಲಜನಕದಲ್ಲಿ ಬೆಳೆಸಿ ಹುರಿಗೊಳಿಸುವ ಪ್ರಯತ್ನವೂ ನಡೆದಿದೆ. ಆಮ್ಲಜನಕ ಇಳಿದಾಗ ಎಚ್ಚೆತ್ತು ನೂರಾರು ಜೀನ್‌ಗಳನ್ನು ಚಾಲೂ ಮಾಡುವ ಎಚ್‌ಐಎಫ್ ಎಂಬ ಪ್ರೋಟೀನ್ ಅದರ ಹಿಂದಿದೆ. ಕೋಶವು ಆಮ್ಲಜನಕವನ್ನು ಗ್ರಹಿಸುವ ಈ ಬಗೆಯನ್ನು ಬಿಡಿಸಿದ್ದಕ್ಕೆ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು.

ಹೆಚ್ಚು ಅಚ್ಚರಿ ಹುಟ್ಟಿಸುವ ದಾರಿ ಮೈಟೊಕಾಂಡ್ರಿಯಾ ಕಸಿ. ಬಾಸ್ಟನ್ ಮಕ್ಕಳ ಆಸ್ಪತ್ರೆಯಲ್ಲಿ ಜೇಮ್ಸ್ ಮೆಕಲಿ ಮತ್ತು ಸಂಗಡಿಗರು ಇದನ್ನು ಬೆಳೆಸಿದರು. ಹುಟ್ಟಿನಿಂದ ಹೃದಯದ ದೋಷವಿದ್ದು, ಶಸ್ತ್ರಚಿಕಿತ್ಸೆಯಾಗಿ, ರಕ್ತ ಮರಳಿದ ಮೇಲೂ ಹೃದಯ ಸರಿಯಾಗಿ ಮಿಡಿಯದೆ ಹೃದಯ, ಶ್ವಾಸಕೋಶಗಳ ಕೆಲಸವನ್ನು ದೇಹದ ಹೊರಗಿನಿಂದ ಮಾಡುವ ಎಕ್ಮೋ ಯಂತ್ರದ ಆಸರೆಯಲ್ಲಿದ್ದ ಮಕ್ಕಳು ಅವರ ರೋಗಿಗಳು. ಎದೆ ತೆರೆದ ಗಾಯದ ಕೆಳತುದಿಯಲ್ಲೇ ಸಿಗುವ ಹೊಟ್ಟೆಯ ಸ್ನಾಯುವಿನಿಂದ ಒಂದು ಸಣ್ಣ ಚೂರು ತೆಗೆಯುತ್ತಾರೆ. ಆ ಸ್ನಾಯುವಿಗೆ ಆಮ್ಲಜನಕದ ಕೊರತೆ ಆಗಿರುವುದಿಲ್ಲ, ಅದರ ಮೈಟೊಕಾಂಡ್ರಿಯಾ ಗಟ್ಟಿಮುಟ್ಟಾಗಿರುತ್ತವೆ. ಚೂರನ್ನು ಅರೆದು, ಕಿಣ್ವದಿಂದ ಸಡಿಲಗೊಳಿಸಿ, ಸೂಕ್ಷ್ಮ ಜಾಲರಿಗಳ ಮೂಲಕ ಸೋಸಿ, ಅರ್ಧ ಗಂಟೆಯೊಳಗೆ ಮೈಟೊಕಾಂಡ್ರಿಯಾಗಳನ್ನಷ್ಟೇ ಬೇರ್ಪಡಿಸುತ್ತಾರೆ. ಆಮೇಲೆ ತೆಳುವಾದ ಸೂಜಿಯಿಂದ ಹೃದಯದ ಸೋತ ಭಾಗಕ್ಕೆ ಹಲವು ಕಡೆ ಚುಚ್ಚುತ್ತಾರೆ. ಮಗುವಿನ ಸ್ವಂತ ವಸ್ತುವಾದ್ದರಿಂದ ದೇಹ ಅದನ್ನು ತಿರಸ್ಕರಿಸುವ ಪ್ರಶ್ನೆ ಏಳುವುದಿಲ್ಲ. 2017ರಲ್ಲಿ ಪ್ರಕಟವಾದ ವರದಿಯಲ್ಲಿದ್ದ ಐದು ಮಕ್ಕಳಲ್ಲಿ ನಾಲ್ವರು ಯಂತ್ರದ ಆಸರೆಯಿಂದ ಹೊರಬಂದರು.

ಐದು ಮಕ್ಕಳ ಅನುಭವದಿಂದ ಚಿಕಿತ್ಸೆ ಸಾಬೀತಾಗುವುದಿಲ್ಲ. ಹೋಲಿಸಿ ನೋಡಲು ಅಲ್ಲಿ ಇನ್ನೊಂದು ಗುಂಪು ಇರಲಿಲ್ಲ. ಕೋಶದ ಹೊರಗಿನ ದ್ರವದಲ್ಲಿ ಕ್ಯಾಲ್ಸಿಯಂ ಬಹಳ ಹೆಚ್ಚಿರುತ್ತದೆ, ಅದರಲ್ಲಿ ಬರಿಯ ಮೈಟೊಕಾಂಡ್ರಿಯಾ ಬದುಕುಳಿದು ಕೋಶದೊಳಗೆ ಸೇರಿ ಕೆಲಸ ಮಾಡುವುದು ಹೇಗೆ ಎಂದು ಕೇಳುವ ವಿಜ್ಞಾನಿಗಳ ಪ್ರಶ್ನೆ ನ್ಯಾಯವಾದದ್ದೇ. ಆದರೂ ಈ ದಾರಿಯ ಬಗ್ಗೆ ನನಗೆ ಆಸೆಯಿದೆ. ಬೇಕಾದ ವಸ್ತು ರೋಗಿಯ ದೇಹದಲ್ಲೇ ಇದೆ, ತಯಾರಿಸಲು ವಾರಗಳು ಬೇಡ, ಕೊಡುವ ಜಾಗ ಶಸ್ತ್ರಚಿಕಿತ್ಸಕರ ಕಣ್ಣೆದುರೇ ತೆರೆದಿದೆ.

ಇಷ್ಟೆಲ್ಲ ಓದಿದ ಮೇಲೆ ಆಕರಕೋಶ, ಎಕ್ಸೋಸೋಮ್ ಎಂದು ಜಾಹೀರಾತು ಕೊಡುವ ಕ್ಲಿನಿಕ್ಕುಗಳ ಬಗ್ಗೆ ಎಚ್ಚರ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಶಸ್ತ್ರಚಿಕಿತ್ಸೆಯ ಮುಂಚೆ ಅಂಗರಕ್ಷಣೆಗೆಂದು ಹಣ ಪಡೆದು ಕೊಡಬಹುದಾದ, ಸಾಬೀತಾದ ಆಕರಕೋಶ ಚಿಕಿತ್ಸೆ ಇಂದು ಇಲ್ಲ. ಈ ಹೊತ್ತಿಗೆ ದೊಡ್ಡ ಸಂಖ್ಯೆಯ ರೋಗಿಗಳಲ್ಲಿ ಫಲ ತೋರಿಸಿರುವುದು ಬಹಳ ಸಾಧಾರಣ ವಸ್ತು: ಅಮೈನೊ ಆಮ್ಲಗಳ ಡ್ರಿಪ್. ಹಾರ್ಟ್-ಲಂಗ್ ಯಂತ್ರದ ನೆರವಿನಿಂದ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದ 3,511 ಮಂದಿಯ ಪ್ರಯೋಗವೊಂದು 2024ರಲ್ಲಿ ಪ್ರಕಟವಾಯಿತು. ಡ್ರಿಪ್ ಪಡೆದವರಲ್ಲಿ ಶೇ 26.9ರಷ್ಟು ಮಂದಿಗೆ, ಪಡೆಯದವರಲ್ಲಿ ಶೇ 31.7ರಷ್ಟು ಮಂದಿಗೆ ಮೂತ್ರಪಿಂಡದ ತೊಂದರೆ ಕಾಣಿಸಿತು. ಅಮೈನೊ ಆಮ್ಲಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಹೆಚ್ಚಿಸುತ್ತವೆ. ಗಮನಿಸಬೇಕಾದ ಮಾತೆಂದರೆ ಡ್ರಿಪ್ ಶುರುವಾದದ್ದು ಶಸ್ತ್ರಚಿಕಿತ್ಸೆಯ ಜೊತೆಗೇ, ಹಾನಿ ಕಂಡ ಮೇಲಲ್ಲ.

ಹೊತ್ತು ಮತ್ತು ಜಾಗ ಎರಡೂ ಪೂರ್ತಿ ನಮ್ಮ ಹಿಡಿತದಲ್ಲಿರುವ ಸಂದರ್ಭವೊಂದಿದೆ: ದೇಹದ ಹೊರಗಿರುವ ದಾನದ ಅಂಗ. ಮೊದಲು ಅದನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಓಡುವುದೊಂದೇ ದಾರಿಯಾಗಿತ್ತು. ಹೃದಯಕ್ಕೆ ನಾಲ್ಕರಿಂದ ಆರು ಗಂಟೆ, ಯಕೃತ್ತಿಗೆ ಸುಮಾರು ಹನ್ನೆರಡು ಗಂಟೆ ಗಡುವು. ಈಗ ಅಂಗದೊಳಗೆ ದ್ರವ ಅಥವಾ ರಕ್ತ ಹರಿಸುತ್ತಲೇ ಇಡುವ ಪರ್ಫ್ಯೂಷನ್ ಯಂತ್ರಗಳು ಬಂದಿವೆ. 2018ರಲ್ಲಿ ಪ್ರಕಟವಾದ ಯಕೃತ್ತಿನ ಪ್ರಯೋಗದಲ್ಲಿ ದೇಹದ ಉಷ್ಣತೆಯಲ್ಲೇ ಯಂತ್ರದಲ್ಲಿಟ್ಟ ಅಂಗಗಳಿಗೆ ಐಸ್‌ನಲ್ಲಿಟ್ಟವುಗಳಿಗಿಂತ ಅರ್ಧದಷ್ಟು ಮಾತ್ರ ಹಾನಿಯಾಗಿತ್ತು, ಅವನ್ನು ಹೆಚ್ಚು ಹೊತ್ತು ಇಟ್ಟಿದ್ದರೂ. ತಣ್ಣಗಿರುವಾಗಲೇ ಆಮ್ಲಜನಕ ಬೆರೆತ ದ್ರವ ಹರಿಸುವ ಇನ್ನೊಂದು ವಿಧಾನದಲ್ಲಿ ಕಸಿಯ ನಂತರ ಪಿತ್ತನಾಳ ಕಿರಿದಾಗಿ ತೊಂದರೆ ಕೊಡುವ ಪ್ರಮಾಣ ಶೇ 18ರಿಂದ ಶೇ 6ಕ್ಕೆ ಇಳಿಯಿತು. ಇದರ ಹಿಂದಿನ ತರ್ಕ ಅಚ್ಚುಕಟ್ಟಾದದ್ದು: ಶೀತದಲ್ಲಿ ಮೈಟೊಕಾಂಡ್ರಿಯಾ ಸಕ್ಸಿನೇಟ್ ರಾಶಿಯನ್ನು ಮೆಲ್ಲಗೆ ಕರಗಿಸಿಕೊಳ್ಳುತ್ತವೆ, ಬೆಚ್ಚಗಿನ ರಕ್ತ ಬರುವಷ್ಟರಲ್ಲಿ ಭುಗಿಲೇಳಲು ಏನೂ ಉಳಿದಿರುವುದಿಲ್ಲ. ಜ್ಯೂರಿಕ್‌ನಲ್ಲಿ ಮೂರು ದಿನ ಯಂತ್ರದಲ್ಲಿಟ್ಟ ಯಕೃತ್ತೊಂದನ್ನು 2021ರಲ್ಲಿ ರೋಗಿಗೆ ಕಸಿ ಮಾಡಿದರು.

ಯಂತ್ರದ ಮೇಲಿರುವ ಅಂಗಕ್ಕೆ ಆಕರಕೋಶ ಕೊಟ್ಟರೆ ಅವು ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುವ ಮಾತೇ ಇಲ್ಲ. ಹೋಗಲು ಬೇರೆ ಜಾಗವೇ ಇಲ್ಲವಲ್ಲ. ಕೇಂಬ್ರಿಜ್‌ನ ತಂಡ ಪ್ರಯೋಗಾಲಯದಲ್ಲಿ ಬೆಳೆಸಿದ ಪಿತ್ತನಾಳದ ಕೋಶಗಳನ್ನು, ಕಸಿಗೆ ಬಾರದೆಂದು ಬಿಟ್ಟಿದ್ದ ಮನುಷ್ಯರ ಯಕೃತ್ತುಗಳಿಗೆ ಯಂತ್ರದ ಮೇಲೆಯೇ ಸೇರಿಸಿ, ಹಾಳಾದ ನಾಳಗಳು ದುರಸ್ತಿಯಾದದ್ದನ್ನು 2021ರಲ್ಲಿ ತೋರಿಸಿತು. ಮೂತ್ರಪಿಂಡದಲ್ಲಿ ಈ ಪರೀಕ್ಷೆ ಇನ್ನೂ ಕರಾರುವಾಕ್ಕಾಗಿ ನಡೆಯಬಲ್ಲದು, ಏಕೆಂದರೆ ಒಬ್ಬ ದಾನಿಯಿಂದ ಎರಡು ಸಿಗುತ್ತವೆ. ಅದೇ ವಯಸ್ಸು, ಅದೇ ಕಾಯಿಲೆ, ಅದೇ ಕೊರತೆ ಅನುಭವಿಸಿದ ಜೋಡಿಯಲ್ಲಿ ಒಂದಕ್ಕೆ ಕೋಶ ಕೊಟ್ಟು ಇನ್ನೊಂದನ್ನು ಹಾಗೇ ಬಿಟ್ಟರೆ ವ್ಯತ್ಯಾಸಕ್ಕೆ ಬೇರೆ ನೆಪ ಹೇಳಲಾಗದು. ಕಸಿಗೆ ಬಾರದೆಂದು ಬಿಟ್ಟಿದ್ದ ಐದು ಜೋಡಿಗಳಲ್ಲಿ ಹೀಗೆ ಮಾಡಿ ನೋಡಿದಾಗ ಕೋಶ ಪಡೆದವು ಹೆಚ್ಚು ಮೂತ್ರ ಹೊರಹಾಕಿದವು, ಅವುಗಳ ಸೂಕ್ಷ್ಮ ನಾಳಗಳಲ್ಲಿ ರಕ್ತ ಚೆನ್ನಾಗಿ ಹರಿಯಿತು, ಹಾನಿಯ ಗುರುತುಗಳು ಕಡಿಮೆಯಿದ್ದವು. ಯಂತ್ರದ ಮೇಲಿನ ಕೆಲವು ಗಂಟೆಗಳ ಈ ಲಾಭ ರೋಗಿಯ ದೇಹದಲ್ಲೂ ಉಳಿಯುವುದೇ ಎಂದು ತಿಳಿಯಬೇಕಾದರೆ ಜೋಡಿಯ ಎರಡೂ ಮೂತ್ರಪಿಂಡಗಳನ್ನು ಇಬ್ಬರಿಗೆ ಕಸಿ ಮಾಡಿ, ಮೊದಲ ವಾರ ಡಯಾಲಿಸಿಸ್ ಯಾರಿಗೆ ಬೇಕಾಯಿತು, ವರ್ಷದ ನಂತರ ಯಾರ ಮೂತ್ರಪಿಂಡ ಎಷ್ಟು ಶುದ್ಧೀಕರಿಸುತ್ತಿದೆ ಎಂದು ಅಳೆಯಬೇಕು.